ಫಾತಿಹ್ ಅಕಿನ್ ಅವರ ‘ಚಿಕ್’: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ನಿರ್ದೇಶಕ ಫಾತಿಹ್ ಅಕಿನ್ ಅವರ ‘ಚಿಕ್’ ಸಿನಿಮಾ ನೋಡಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನೋಡಿದವರು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಸೇರಿಸಿ, ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸಿನಿಮಾ ಇನ್ನೂ ನೋಡಿಲ್ಲದವರು ಮೊದಲ ಭಾಗ ಓದಿ ನಿಲ್ಲಿಸಬಹುದು. ಆಮೇಲಿನ ಭಾಗಗಳಲ್ಲಿ ಕೊನೆಯ ದೃಶ್ಯಗಳ ಮಾತೂ ಬರುತ್ತದೆ.

## ನೋಡುವ ಮೊದಲು

‘ಚಿಕ್’ ಅಂದ್ರೆ ಏನು? ಚಿಕ್ಕ ಮಕ್ಕಳ ಸಿನಿಮಾನಾ?

ಕನ್ನಡದ ಕಿವಿಗೆ ‘ಚಿಕ್ಕ’ ಅಂತ ಕೇಳಿಸುವುದು ಸಹಜ. ಆದರೆ ಇದು ಒಬ್ಬ ಹುಡುಗನ ಅಡ್ಡಹೆಸರು. ಪೂರ್ತಿ ಹೆಸರು ಆಂದ್ರೇಯ್ ಚಿಖಾಚೋವ್. ಬರ್ಲಿನ್‌ನ ಶಾಲೆಯಲ್ಲಿ ಯಾರ ನಾಲಿಗೆಯೂ ಆ ಹೆಸರಿಗೆ ಹೊರಳುವುದಿಲ್ಲ. ಹಾಗಾಗಿ ಚಿಕ್.

ಸಿನಿಮಾ ಜರ್ಮನಿಯಲ್ಲಿ 2016ರ ಸೆಪ್ಟೆಂಬರ್ 15ರಂದು ಬಿಡುಗಡೆಯಾಯಿತು. 93 ನಿಮಿಷ. ಹೊರದೇಶಗಳಲ್ಲಿ ‘ಗುಡ್‌ಬೈ ಬರ್ಲಿನ್’ ಅನ್ನುವ ಹೆಸರಿನಲ್ಲಿ ತೋರಿಸಿದರು. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ಕಥೆಯ ಹುಡುಗರಿಗೆ 14 ವರ್ಷ, ಮೀಸೆ ಇನ್ನೂ ಮೂಡಿಲ್ಲ. ಮಕ್ಕಳೂ ನೋಡಬಹುದು. ಆದರೆ ಆ ವಯಸ್ಸನ್ನು ದಾಟಿ ಬಂದವರ ಎದೆಗೆ ಇದು ಜಾಸ್ತಿ ತಾಗುತ್ತದೆ.

ಕಥೆ ಏನು? ಪೂರ್ತಿ ಬಿಚ್ಚಿಡದೆ ಹೇಳಿ.

ಮೈಕ್ ಕ್ಲಿಂಗೆನ್‌ಬರ್ಗ್ ಬರ್ಲಿನ್‌ನ ಪೂರ್ವದ ಅಂಚಿನ ಮಾರ್ಟ್ಸಾನ್‌ನಲ್ಲಿ ಇರುವ ಹುಡುಗ. ಮನೆಯಲ್ಲಿ ಈಜುಕೊಳ ಇದೆ, ನೆಮ್ಮದಿ ಇಲ್ಲ. ಅಮ್ಮನಿಗೆ ಕುಡಿತದ ಚಟ. ಅಪ್ಪನಿಗೆ ಬೇರೆ ಸಂಬಂಧ. ಕ್ಲಾಸಿನಲ್ಲಿ ಇವನನ್ನು ‘ಸೈಕೋ’ ಅಂತ ಕರೆಯುತ್ತಾರೆ. ಇಷ್ಟಪಟ್ಟ ಹುಡುಗಿ ತಾತ್ಯಾನಾ ತನ್ನ ಹುಟ್ಟುಹಬ್ಬಕ್ಕೆ ಎಲ್ಲರನ್ನೂ ಕರೆಯುತ್ತಾಳೆ, ಇವನನ್ನು ಬಿಟ್ಟು.

ಬೇಸಿಗೆ ರಜೆ ಶುರುವಾಗುತ್ತದೆ. ಅಮ್ಮ ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗುತ್ತಾಳೆ. ಅಪ್ಪ ‘ಕೆಲಸದ ಪ್ರವಾಸ’ ಅಂತ ಹೊರಡುತ್ತಾನೆ. ಮನೆಯಲ್ಲಿ ಹುಡುಗ ಒಬ್ಬನೇ. ಆಗ ಹೊಸದಾಗಿ ಕ್ಲಾಸಿಗೆ ಸೇರಿದ ಚಿಕ್ ಒಂದು ಹಳೇ ನೀಲಿ ಲಾಡಾ ನೀವಾ ಕಾರು ತಂದು ಬಾಗಿಲ ಮುಂದೆ ನಿಲ್ಲಿಸುತ್ತಾನೆ. ಕದ್ದ ಕಾರು. ಅವನ ಪ್ರಕಾರ ‘ಎರವಲು’ ತಂದದ್ದು. ಇಬ್ಬರೂ ನಕ್ಷೆ ಇಲ್ಲದೆ ದಕ್ಷಿಣಕ್ಕೆ ಹೊರಡುತ್ತಾರೆ. ಉಳಿದದ್ದನ್ನು ನೀವೇ ನೋಡಬೇಕು.

ಅಕಿನ್ ವಲಸಿಗ ನಿರ್ದೇಶಕ ಅಂತೀರಿ. ಆದರೆ ಅವರು ಜರ್ಮನಿಯಲ್ಲೇ ಹುಟ್ಟಿದವರಲ್ವಾ?

ಹೌದು. ಫಾತಿಹ್ ಅಕಿನ್ ಹುಟ್ಟಿದ್ದು 1973ರ ಆಗಸ್ಟ್ 25ರಂದು, ಹ್ಯಾಂಬರ್ಗ್‌ನಲ್ಲಿ. ಊರು ಬಿಟ್ಟು ಬಂದವರು ಅವರ ಅಪ್ಪ ಅಮ್ಮ. ಪಶ್ಚಿಮ ಜರ್ಮನಿ 1961ರ ಅಕ್ಟೋಬರ್ 30ರಂದು ಟರ್ಕಿಯ ಜೊತೆ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಬಂದವರನ್ನು ‘ಗಾಸ್ಟ್‌ಆರ್ಬೈಟರ್’ ಅಂದರು, ಅಂದರೆ ಅತಿಥಿ ಕೆಲಸಗಾರರು. ಅತಿಥಿ ಅಂದಮೇಲೆ ಒಂದು ದಿನ ಹೊರಡಲೇಬೇಕು, ಆ ಲೆಕ್ಕ ಆ ಪದದೊಳಗೇ ಇದೆ. 1973ರಲ್ಲಿ, ಅಕಿನ್ ಹುಟ್ಟಿದ ವರ್ಷವೇ, ಹೊಸಬರನ್ನು ಕರೆಸುವುದನ್ನು ನಿಲ್ಲಿಸಿದರು. ಆದರೆ ಆಗಲೇ ಬಂದವರಲ್ಲಿ ತುಂಬಾ ಜನ ಅಲ್ಲೇ ಬೇರು ಬಿಟ್ಟಿದ್ದರು.

ಅಕಿನ್ 2001ರಲ್ಲಿ ತಮ್ಮ ಮನೆಯವರ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ವಾಪಸ್ ಹೋಗೋದನ್ನೇ ಮರೆತೆವು’ ಅಂತಾಗುತ್ತದೆ. ಇಡೀ ತಲೆಮಾರಿನ ಬದುಕು ಆ ಹೆಸರಿನಲ್ಲೇ ಇದೆ ಅನಿಸುತ್ತದೆ ನನಗೆ.

ಜರ್ಮನಿಯ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ ಅಕಿನ್ ‘ವಲಸೆ ಹಿನ್ನೆಲೆ’ಯವರು. ತಾನಾಗಲಿ, ಅಪ್ಪ ಅಮ್ಮನಲ್ಲಿ ಒಬ್ಬರಾಗಲಿ ಹುಟ್ಟಿನಿಂದ ಜರ್ಮನ್ ಪ್ರಜೆ ಆಗಿರದಿದ್ದರೆ ಆ ಗುಂಪಿಗೆ ಸೇರುತ್ತಾರೆ. ಇವತ್ತು ಆ ದೇಶದ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅಂಥವರು. ಹೀಗಾಗಿ ‘ವಲಸಿಗರ ಮಗ’ ಅನ್ನುವುದೇ ಸರಿಯಾದ ಮಾತು. ನಾನೂ ಇನ್ನು ಮುಂದೆ ಹಾಗೇ ಬರೆಯುತ್ತೇನೆ.

ನನ್ನ ಮಗನಿಗೆ 12 ವರ್ಷ. ಜೊತೆಗೆ ಕೂರಿಸಿಕೊಂಡು ನೋಡಬಹುದಾ?

ನೋಡಬಹುದು. ಜರ್ಮನಿಯಲ್ಲಿ ಇದಕ್ಕೆ 12 ವರ್ಷ ಮೇಲ್ಪಟ್ಟವರು ಅನ್ನುವ ಪ್ರಮಾಣಪತ್ರ ಸಿಕ್ಕಿದೆ. ಕುಡಿತ ಇದೆ, ಬೈಗುಳ ಇದೆ, ಅಪ್ಪನ ಏಟು ಇದೆ, ರಕ್ತ ಸ್ವಲ್ಪ ಇದೆ. ಹುಡುಗರು ಕಾರು ಓಡಿಸುವುದು ನೋಡಿ ಮಗ ಖುಷಿಪಡುತ್ತಾನೆ, ಅದಕ್ಕೆ ಸಿದ್ಧರಾಗಿರಿ. ನನ್ನ ಅನುಭವದಲ್ಲಿ ಮಕ್ಕಳು ಕಾರಿನ ಬಗ್ಗೆ ಕೇಳುವುದಕ್ಕಿಂತ ಮೈಕ್‌ನ ಅಮ್ಮನ ಬಗ್ಗೆ ಜಾಸ್ತಿ ಕೇಳುತ್ತಾರೆ. ‘ಆ ಆಂಟಿ ಕೆಟ್ಟವಳಾ?’ ಅಂತ ಒಬ್ಬ ಹುಡುಗ ಕೇಳಿದ್ದ. ಆ ಪ್ರಶ್ನೆ ಬಂದಾಗ ನೀವು ಪಕ್ಕದಲ್ಲಿದ್ದರೆ ಒಳ್ಳೆಯದು.

ಜರ್ಮನ್ ಬರಲ್ಲ. ಸಬ್‌ಟೈಟಲ್‌ನಲ್ಲಿ ರುಚಿ ಹೋಗಲ್ವಾ?

ಸ್ವಲ್ಪ ಹೋಗುತ್ತದೆ. ಚಿಕ್ ಆಡುವ ಒರಟು ಮಾತಿನ ಧಾಟಿ ಪೂರ್ತಿ ಸಿಗುವುದಿಲ್ಲ. ಆದರೆ ಸಿನಿಮಾದ ಮುಖ್ಯ ಘಳಿಗೆಗಳಲ್ಲಿ ಮಾತೇ ಕಮ್ಮಿ. ಜರ್ಮನ್ ಕಲಿಯುತ್ತಿರುವವರಿಗೆ ಒಂದು ಮಾತು: ಇದರ ಮೂಲ ಕಾದಂಬರಿಯನ್ನು ಸರಳ ಜರ್ಮನ್‌ಗೆ ಇಳಿಸಿದ ಪುಸ್ತಕವೂ ಇದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವರಿಗೆ ಆ ಓದು ಕಷ್ಟ ಆಗಲಿಕ್ಕಿಲ್ಲ.

## ನೋಡಿದ ಮೇಲೆ

ಅವರು ಹೋಗಬೇಕು ಅಂತಿರೋ ವಲಾಖೈ ನಿಜವಾಗಲೂ ಇದೆಯಾ?

ಇದೆ. ರೊಮೇನಿಯಾದ ದಕ್ಷಿಣ ಭಾಗ. ಬುಖಾರೆಸ್ಟ್ ನಗರ ಇರುವುದೂ ಆ ಸೀಮೆಯಲ್ಲೇ. ಚಿಕ್‌ನ ಅಜ್ಜ ಅಲ್ಲಿದ್ದಾನಂತೆ.

ಆದರೆ ಜರ್ಮನ್ನರ ಬಾಯಲ್ಲಿ ಆ ಹೆಸರಿಗೆ ಇನ್ನೊಂದು ಅರ್ಥ ಇದೆ. ನಾವು ‘ಯಾವುದೋ ಕೊಂಪೆ’ ಅನ್ನುವ ಹಾಗೆ ಅವರು ‘ವಲಾಖೈಯಲ್ಲಿ’ ಅನ್ನುತ್ತಾರೆ. ಬಸ್ಸು ಹೋಗದ, ಹೇಳಹೆಸರಿಲ್ಲದ ಜಾಗ. ಮೈಕ್‌ಗೆ ಅದು ಬರೀ ಒಂದು ನುಡಿಗಟ್ಟು. ಅಂಥ ಜಾಗ ಇಲ್ಲವೇ ಇಲ್ಲ ಅಂತ ವಾದಿಸುತ್ತಾನೆ. ಚಿಕ್‌ಗೆ ಅದು ಅಜ್ಜನ ಮನೆ. ಒಬ್ಬನಿಗೆ ಗಾದೆ, ಇನ್ನೊಬ್ಬನಿಗೆ ನೆಂಟರ ಊರು. ವಲಸೆ ಬಂದವರ ಮನೆಯ ಮಕ್ಕಳಿಗೂ ಉಳಿದವರಿಗೂ ಇರುವ ಅಂತರವನ್ನು ಇಷ್ಟು ಚಿಕ್ಕದಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಿಕ್ ರಷ್ಯದವನಾ, ಜರ್ಮನ್ನಾ? ಮುಖ ನೋಡಿದ್ರೆ ನಮ್ಮ ಏಷ್ಯಾದವನ ಹಾಗಿದ್ದಾನೆ!

ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 18ನೇ ಶತಮಾನದಿಂದ ಜರ್ಮನ್ ಕುಟುಂಬಗಳು ರಷ್ಯಕ್ಕೆ ಹೋಗಿ ವೋಲ್ಗಾ ದಂಡೆಯಲ್ಲಿ ಬೇಸಾಯ ಮಾಡಿಕೊಂಡಿದ್ದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸ್ಟಾಲಿನ್ ಅವರನ್ನು ಕಝಾಕಿಸ್ತಾನ, ಸೈಬೀರಿಯಾದ ಕಡೆಗೆ ಅಟ್ಟಿದ. ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ಅವರಲ್ಲಿ ಲಕ್ಷಾಂತರ ಜನ ಜರ್ಮನಿಗೆ ಬಂದರು. ಪಾಸ್‌ಪೋರ್ಟ್ ಸಿಕ್ಕಿತು. ಅಕ್ಕಪಕ್ಕದವರ ಬಾಯಲ್ಲಿ ಮಾತ್ರ ‘ರಷ್ಯನ್ನರು’ ಆಗಿಯೇ ಉಳಿದರು. ರಷ್ಯದಲ್ಲಿ ಜರ್ಮನ್ನರು, ಜರ್ಮನಿಯಲ್ಲಿ ರಷ್ಯನ್ನರು. ಮಾರ್ಟ್ಸಾನ್‌ನಲ್ಲಿ ಪೂರ್ವ ಜರ್ಮನಿಯ ಕಾಲದಲ್ಲಿ, 1970ರ ದಶಕದ ಕೊನೆಯಿಂದ, ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಎತ್ತರದ ವಸತಿ ಕಟ್ಟಡಗಳಿವೆ. ಹೀಗೆ ಬಂದವರಲ್ಲಿ ತುಂಬಾ ಮಂದಿ ಆ ಬಾಡಿಗೆ ಮನೆಗಳಲ್ಲೇ ನೆಲೆ ನಿಂತರು. ಚಿಕ್ ಕೂಡ ಆ ಕಡೆಯ ಹುಡುಗ.

ಮುಖದ ಮಾತಿಗೆ ಬರೋಣ. ಪಾತ್ರ ಮಾಡಿದ ಹುಡುಗನ ಹೆಸರು ಆನಂದ್ ಬಾಟ್‌ಬಿಲೆಗ್. ಹೆಸರು ಕೇಳಿ ‘ನಮ್ಮವನಾ?’ ಅಂತ ಕೇಳಿದವರು ಒಬ್ಬಿಬ್ಬರಲ್ಲ. ಮಂಗೋಲಿಯಾ ಮೂಲದ ಹುಡುಗ. ಬೌದ್ಧ ಧರ್ಮದ ಜೊತೆ ಸಂಸ್ಕೃತದ ಎಷ್ಟೋ ಹೆಸರು ಮಂಗೋಲಿಯಾಕ್ಕೆ ಹೋಗಿವೆ. ಆನಂದ ಬುದ್ಧನ ಹತ್ತಿರದ ಶಿಷ್ಯನ ಹೆಸರು. ಹಾಗಾಗಿ ಆ ಹೆಸರಿನ ಮಟ್ಟಿಗೆ ನಮ್ಮವನೇ ಅಂದರೂ ತಪ್ಪಿಲ್ಲ.

ಸಿನಿಮಾ ಈ ಪ್ರಶ್ನೆಗೆ ಉತ್ತರ ಕೊಡಲು ಹೋಗುವುದೇ ಇಲ್ಲ. ಮೊದಲ ದಿನದ ದೃಶ್ಯ ನೆನಪಿಸಿಕೊಳ್ಳಿ. ಚಿಕ್ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಬಾಯಿಂದ ಕುಡಿದ ವಾಸನೆ ಹೊಡೆಯುತ್ತಾ ಕ್ಲಾಸಿನ ಮುಂದೆ ನಿಲ್ಲುತ್ತಾನೆ. ಮೇಷ್ಟ್ರು ನಿನ್ನ ಬಗ್ಗೆ ಏನಾದರೂ ಹೇಳು ಅನ್ನುತ್ತಾರೆ. ಅವನಿಗೆ ಹೇಳುವ ಮನಸ್ಸಿಲ್ಲ. ಹೋಗಿ ಖಾಲಿ ಜಾಗದಲ್ಲಿ ಕೂರುತ್ತಾನೆ. ಇದನ್ನು ಪೊಗರು ಅಂತ ಕರೆದವರನ್ನು ನೋಡಿದ್ದೇನೆ. ನೀನು ಎಲ್ಲಿಯವನು ಅಂತ ಹುಟ್ಟಿದಂದಿನಿಂದ ಕೇಳಿಸಿಕೊಂಡವನಿಗೆ ಒಂದು ದಿನ ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ ಅಂತ ನಾನು ನಂಬುತ್ತೇನೆ.

ಮೈಕ್‌ಗೆ ಬಂಗಲೆ ಇದೆ, ಈಜುಕೊಳ ಇದೆ. ಅವನಿಗೆ ಅಂಥ ಕಷ್ಟ ಏನು?

ಪ್ರಬಂಧ ಓದುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಮೈಕ್ ತನ್ನ ಅಮ್ಮನ ಬಗ್ಗೆ ಬರೆದಿರುತ್ತಾನೆ. ಅವಳು ಹೇಗೆ ಕುಡಿಯುತ್ತಾಳೆ, ‘ಬ್ಯೂಟಿ ಫಾರ್ಮ್’ ಅಂತ ಮನೆಯವರು ಕರೆಯುವ ಕೇಂದ್ರಕ್ಕೆ ಹೇಗೆ ಹೋಗಿ ಬರುತ್ತಾಳೆ ಅನ್ನುವುದೆಲ್ಲ ಅದರಲ್ಲಿದೆ. ಅವನು ದೂರು ಹೇಳುತ್ತಿಲ್ಲ. ಅಮ್ಮನ ಬಗ್ಗೆ ಅವನಿಗೆ ಹೆಮ್ಮೆ ಇದೆ. ಅವಳು ತಮಾಷೆಯವಳು, ಸುಳ್ಳು ಹೇಳುವುದಿಲ್ಲ, ತನ್ನ ಚಟವನ್ನು ಮುಚ್ಚಿಡುವುದಿಲ್ಲ. ಆ ಪ್ರೀತಿಯಿಂದ ಬರೆದದ್ದು. ಮೇಷ್ಟ್ರಿಗೆ ಮಾತ್ರ ಕೋಪ ಬರುತ್ತದೆ. ಹೆತ್ತ ತಾಯಿಯ ಬಗ್ಗೆ ಹೀಗೆ ಬರೆಯುವುದಾ ಅಂತ. ಅಂದಿನಿಂದ ಅವನು ‘ಸೈಕೋ’.

ಒಬ್ಬ ಹುಡುಗ ಮನೆಯ ನಿಜ ಹೇಳಿದ. ದೊಡ್ಡವರಿಗೆ ನಾಚಿಕೆಯಾಯಿತು. ಶಿಕ್ಷೆ ಹುಡುಗನಿಗೆ ಆಯಿತು. ಇದು ಯಾವ ಊರಿನಲ್ಲಿ ನಡೆಯುವುದಿಲ್ಲ ಹೇಳಿ? ನಮ್ಮಲ್ಲೂ ಮನೆಯಲ್ಲಿ ಕುಡಿಯುವವರಿದ್ದರೆ ಮಕ್ಕಳಿಗೆ ಮೊದಲು ಕಲಿಸುವ ಪಾಠ ‘ಹೊರಗೆ ಹೇಳಬೇಡ’ ಅಂತಲೇ. ಆ ಮೌನವನ್ನು ಹೊತ್ತು ಬೆಳೆದವರಿಗೆ ಬಂಗಲೆಯಿಂದ ಏನೂ ಆಗುವುದಿಲ್ಲ. ಅಮ್ಮನ ಪಾತ್ರದಲ್ಲಿ ಆನ್ಯಾ ಶ್ನೈಡರ್ ಅವರನ್ನು ಗಮನಿಸಿ. ಅವರು ಎಲ್ಲೂ ಕರುಣೆ ಬೇಡುವುದಿಲ್ಲ.

ಇಸಾ ಕಸದ ಗುಡ್ಡದಲ್ಲಿ ಸಿಗ್ತಾಳೆ, ಜಗಳ ಆಡ್ತಾಳೆ, ಹೋಗ್ತಾಳೆ. ಅವಳು ಯಾಕೆ ಬೇಕಿತ್ತು?

ಹುಡುಗರಿಬ್ಬರಿಗೂ ಕಾರು ಗೊತ್ತು, ಪೆಟ್ರೋಲ್ ತೆಗೆಯುವುದು ಗೊತ್ತಿಲ್ಲ. ಬೇರೆ ಕಾರಿನ ಟ್ಯಾಂಕಿನಿಂದ ಪೈಪ್ ಹಾಕಿ ಎಳೆಯುವುದನ್ನು ತೋರಿಸಿಕೊಡುವವಳು ಇಸಾ. ರಜೆಯಲ್ಲಿ ಸಾಹಸಕ್ಕೆ ಹೊರಟ ಹುಡುಗರಿಗೂ ನಿಜವಾಗಿ ರಸ್ತೆಯಲ್ಲೇ ಬದುಕುತ್ತಿರುವ ಹುಡುಗಿಗೂ ಇರುವ ವ್ಯತ್ಯಾಸ ಅಲ್ಲಿ ತಿಳಿಯುತ್ತದೆ. ಇವರಿಗೆ ಹಿಂದಿರುಗಲು ಮನೆ ಇದೆ. ಅವಳಿಗೆ ಪ್ರಾಗ್‌ನಲ್ಲಿರುವ ಅಕ್ಕ ಮಾತ್ರ.

ಮೈಕ್ ಕೈಯಲ್ಲಿ ಕತ್ತರಿ ಕೊಟ್ಟು ಕೂದಲು ಕತ್ತರಿಸಲು ಹೇಳುವ ದೃಶ್ಯ ನನಗೆ ಇಡೀ ಸಿನಿಮಾದಲ್ಲೇ ಇಷ್ಟ. ಒಬ್ಬರ ತಲೆಗೂದಲಿಗೆ ಇನ್ನೊಬ್ಬರು ಕೈ ಹಾಕುವುದು ಅಂದರೆ ಎಷ್ಟು ನಂಬಿಕೆ ಬೇಕು. ಅವಳ ಪಾತ್ರ ಮಾಡಿದ್ದು ಮರ್ಸಿಡಿಸ್ ಮ್ಯುಲ್ಲರ್. ಕಾದಂಬರಿಕಾರ ವೋಲ್ಫ್‌ಗಾಂಗ್ ಹೆರ್ನ್‌ಡೋರ್ಫ್ ಅವರಿಗೂ ಇಸಾ ಕಾಡುತ್ತಲೇ ಇದ್ದಳು. ಅವಳದೇ ಕಥೆಯನ್ನು ಬರೆಯಲು ಶುರು ಮಾಡಿದ್ದರು. ಅದು ಅರ್ಧಕ್ಕೆ ನಿಂತು, ಅವರು ತೀರಿಕೊಂಡ ಮೇಲೆ 2014ರಲ್ಲಿ ಹಾಗೇ ಅಚ್ಚಾಯಿತು.

ಹುಡುಗಿಯರಲ್ಲಿ ಆಸಕ್ತಿ ಇಲ್ಲ ಅಂತ ಚಿಕ್ ಹೇಳೋ ಮಾತು ಅಷ್ಟಕ್ಕೇ ನಿಂತುಹೋಯ್ತಲ್ಲ?

ಅಷ್ಟಕ್ಕೇ ನಿಂತದ್ದು ನನಗೆ ಹಿಡಿಸಿತು. ಚಿಕ್ ಇದನ್ನು ಯಾರಿಗೂ ಹೇಳಿದವನಲ್ಲ. ಮೈಕ್‌ಗೆ ಹೇಳುತ್ತಾನೆ. ಮೈಕ್ ಕೇಳಿಸಿಕೊಳ್ಳುತ್ತಾನೆ. ಗೆಳೆತನ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇದೆಯಾ?

ಕಾರು ಕದ್ದವರಿಗೆ ಶಿಕ್ಷೆ ಆಗಲ್ವಾ? ತಪ್ಪನ್ನ ಚೆಂದ ಮಾಡಿ ತೋರಿಸಿದ ಹಾಗಾಗಲಿಲ್ವಾ?

ಸಿನಿಮಾ ಶುರುವಾಗುವುದೇ ಅಪಘಾತದಿಂದ. ಹಂದಿ ತುಂಬಿದ ಲಾರಿ ಉರುಳಿಬಿದ್ದು ಹೆದ್ದಾರಿಯ ತುಂಬಾ ಹಂದಿಗಳು. ಮೈಕ್‌ನ ಮೈಯಲ್ಲಿ ರಕ್ತ. ಅಂದರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮೊದಲೇ ತೋರಿಸಿದ್ದಾರೆ. ಮುಚ್ಚಿಟ್ಟಿಲ್ಲ.

ಜರ್ಮನಿಯಲ್ಲಿ 14 ತುಂಬಿದವರನ್ನು ಅಪರಾಧಕ್ಕೆ ಹೊಣೆ ಮಾಡಬಹುದು. ಒಂದು ವರ್ಷ ಚಿಕ್ಕವನಾಗಿದ್ದರೆ ಮೈಕ್‌ನನ್ನು ಕೋರ್ಟಿಗೆ ನಿಲ್ಲಿಸುವ ಹಾಗಿರಲಿಲ್ಲ. ಆದರೆ ಅಲ್ಲಿನ ಬಾಲಾಪರಾಧ ಕಾನೂನು ಶಿಕ್ಷೆಗಿಂತ ತಿದ್ದುವುದಕ್ಕೆ ಜಾಸ್ತಿ ಒತ್ತು ಕೊಡುತ್ತದೆ. ಕಾದಂಬರಿಯಲ್ಲಿ ಮೈಕ್ ಇಷ್ಟು ಗಂಟೆ ಅಂತ ಸಮಾಜಸೇವೆ ಮಾಡಬೇಕಾಗುತ್ತದೆ. ಚಿಕ್‌ನನ್ನು ನಮ್ಮ ಬಾಲಮಂದಿರದಂಥ ಜಾಗಕ್ಕೆ ಕಳಿಸುತ್ತಾರೆ. ಅದೇ ಕಾರು, ಅದೇ ತಪ್ಪು. ಒಬ್ಬನಿಗೆ ವಕೀಲರನ್ನು ಇಡಬಲ್ಲ ಅಪ್ಪ ಇದ್ದಾನೆ, ಇನ್ನೊಬ್ಬನಿಗೆ ಇಲ್ಲ.

ನನಗೆ ಮುಖ್ಯ ಅನಿಸುವುದು ಅದರ ಹಿಂದಿನ ಘಳಿಗೆ. ತಪ್ಪೆಲ್ಲ ಆ ರಷ್ಯನ್ ಹುಡುಗನದು ಅಂತ ಹೇಳಿಬಿಡು ಅಂತ ಅಪ್ಪ ಒತ್ತಾಯಿಸುತ್ತಾನೆ. ಹಾಗೆ ಹೇಳಿದರೆ ಎಲ್ಲರೂ ನಂಬುತ್ತಾರೆ. ನಂಬಲು ತಯಾರಾಗಿಯೇ ಕೂತಿದ್ದಾರೆ. ಮೈಕ್ ಒಪ್ಪುವುದಿಲ್ಲ. ಏಟು ತಿನ್ನುತ್ತಾನೆ, ಆದರೂ ಇದ್ದದ್ದನ್ನೇ ಹೇಳುತ್ತಾನೆ. ಅವನು ದೊಡ್ಡವನಾದದ್ದು ಕಾರು ಓಡಿಸಿದ್ದರಿಂದ ಅಲ್ಲ, ಅಲ್ಲಿ.

ಮೊದಲು ಕಾದಂಬರಿ ಓದಬೇಕಾ, ಸಿನಿಮಾ ನೋಡಬೇಕಾ?

ಯಾವುದಾದರೂ ಸರಿ. ಎರಡೂ ಆಗಲಿ ಅನ್ನುವುದು ನನ್ನ ಆಸೆ. ಕಾದಂಬರಿ ಬರೆದವರು ವೋಲ್ಫ್‌ಗಾಂಗ್ ಹೆರ್ನ್‌ಡೋರ್ಫ್. ಹ್ಯಾಂಬರ್ಗ್‌ನಲ್ಲಿ 1965ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತವರು. 2010ರ ಆರಂಭದಲ್ಲಿ ಅವರಿಗೆ ಮೆದುಳಿನ ಗಡ್ಡೆ ಇರುವುದು ತಿಳಿಯಿತು. ಅರ್ಧಕ್ಕೆ ಬಿಟ್ಟಿದ್ದ ಈ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು ಮುಗಿಸಿದರು. ಅದೇ ವರ್ಷ ಪುಸ್ತಕ ಬಂತು. 2011ರಲ್ಲಿ ಜರ್ಮನಿಯ ಯುವಜನ ಸಾಹಿತ್ಯ ಪ್ರಶಸ್ತಿ ಸಿಕ್ಕಿತು. ಶಾಲೆಗಳಲ್ಲಿ ಪಾಠವಾಯಿತು, ರಂಗದ ಮೇಲೆ ನಾಟಕವಾಯಿತು. ಹೆರ್ನ್‌ಡೋರ್ಫ್ 2013ರ ಆಗಸ್ಟ್ 26ರಂದು ತೀರಿಕೊಂಡರು. ಸಿನಿಮಾ ಅವರ ಕಣ್ಣಿಗೆ ಬೀಳಲಿಲ್ಲ.

ಸಾವನ್ನು ಪಕ್ಕದಲ್ಲಿಟ್ಟುಕೊಂಡು ಇಷ್ಟು ನಗುವಿನ ಪುಸ್ತಕ ಬರೆದರಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಕಾದಂಬರಿಯಲ್ಲಿ ದಾರಿಯಲ್ಲಿ ಸಿಗುವ ಜನ ಜಾಸ್ತಿ. ಸಿನಿಮಾ ಕೆಲವರನ್ನು ಕೈಬಿಟ್ಟಿದೆ. ಮೈಕ್‌ನ ಮಾತಿನ ಧಾಟಿ ಪುಸ್ತಕದಲ್ಲಿ ಚೆನ್ನ. ಮುಸುಕಿನ ಜೋಳದ ಹೊಲದೊಳಗೆ ಲಾಡಾ ನುಗ್ಗುವುದು ಸಿನಿಮಾದಲ್ಲಿ ಚೆನ್ನ.

## ಇನ್ನೂ ಆಳಕ್ಕೆ

ಇದು ಬೇರೆ ನಿರ್ದೇಶಕರ ಸಿನಿಮಾ ಆಗಿತ್ತಂತೆ. ಅಕಿನ್ ಕೈಗೆ ಹೇಗೆ ಬಂತು?

ನಿಜ. ಮೊದಲು ನಿರ್ದೇಶಿಸಬೇಕಾಗಿದ್ದವರು ಡೇವಿಡ್ ವ್ನೆಂಟ್. ಶೂಟಿಂಗ್‌ಗೆ ಕೆಲವೇ ವಾರ ಇರುವಾಗ ಅಕಿನ್ ವಹಿಸಿಕೊಂಡರು. ಚಿತ್ರಕಥೆ ಬರೆದದ್ದು ಹೆರ್ನ್‌ಡೋರ್ಫ್ ಅವರ ಗೆಳೆಯ ಲಾರ್ಸ್ ಹುಬ್ರಿಖ್. ಆಮೇಲೆ ಹಿರಿಯ ನಿರ್ದೇಶಕ ಹಾರ್ಕ್ ಬೋಮ್ ಕೂಡ ಅದಕ್ಕೆ ಕೈ ಹಾಕಿದರು. ಕ್ಯಾಮೆರಾ ರೈನರ್ ಕ್ಲೌಸ್‌ಮನ್ ಅವರದು. ಅಕಿನ್ ಜೊತೆ ಹಿಂದೆಯೂ ಕೆಲಸ ಮಾಡಿದವರು.

ಅಕಿನ್ ಆಗ ಯಾವ ಸ್ಥಿತಿಯಲ್ಲಿದ್ದರು ಅನ್ನುವುದನ್ನೂ ನೋಡಬೇಕು. 2014ರಲ್ಲಿ ಅರ್ಮೇನಿಯನ್ನರ ಹತ್ಯಾಕಾಂಡದ ಮೇಲೆ ದೊಡ್ಡ ಸಿನಿಮಾ ಮಾಡಿದ್ದರು. ವೆನಿಸ್ ಚಿತ್ರೋತ್ಸವದಲ್ಲಿ ವಿಮರ್ಶಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಅಂಥ ಭಾರದ ಕೆಲಸದ ಮೇಲೆ ಇಬ್ಬರು ಹುಡುಗರು, ಒಂದು ಡಬ್ಬಾ ಕಾರು, ಕಾರಿನಲ್ಲಿ ಸಿಕ್ಕ ರಿಚರ್ಡ್ ಕ್ಲೇಡರ್‌ಮನ್ ಪಿಯಾನೋ ಕ್ಯಾಸೆಟ್. ಪರದೆಯ ಮೇಲೆ ಉಸಿರಾಟ ಹಗುರವಾದದ್ದು ಕಾಣುತ್ತದೆ. ಆತುರದಲ್ಲಿ ಮಾಡಿದ್ದಕ್ಕೇ ಇರಬೇಕು, ಸಿನಿಮಾಕ್ಕೆ ಯೋಚನೆಗಿಂತ ವೇಗ ಜಾಸ್ತಿ. ಈ ಕಥೆಗೆ ಅದೇ ಬೇಕಿತ್ತು.

ಮೈಕ್‌ನ ಅಪ್ಪನ ಪಾತ್ರ ಮಾಡಿದವರನ್ನ ಎಲ್ಲೋ ನೋಡಿದ ಹಾಗಿದೆ. ಯಾರು?

ಈ ಪ್ರಶ್ನೆ ಬಂದರೆ ನನಗೆ ತುಂಬಾ ಖುಷಿ. ಅವರು ಊವೆ ಬೋಮ್.

1976ರಲ್ಲಿ ಹಾರ್ಕ್ ಬೋಮ್ ‘ನೋರ್ಡ್‌ಸೇ ಇಸ್ಟ್ ಮೋರ್ಡ್‌ಸೇ’ ಅನ್ನುವ ಸಿನಿಮಾ ಮಾಡಿದರು. ಹ್ಯಾಂಬರ್ಗ್‌ನ ವಿಲ್ಹೆಲ್ಮ್ಸ್‌ಬುರ್ಗ್ ಅನ್ನುವ ಬಡವರ ಬಡಾವಣೆ. ಕುಡುಕ ಅಪ್ಪನ ಏಟು ತಿನ್ನುವ ಒಬ್ಬ ಜರ್ಮನ್ ಹುಡುಗ. ಏಷ್ಯಾದ ಮುಖದವನು ಅಂತ ಎಲ್ಲರಿಂದ ಕಾಡಿಸಿಕೊಳ್ಳುವ ಇನ್ನೊಬ್ಬ ಹುಡುಗ. ಮೊದಲು ಹೊಡೆದಾಡುತ್ತಾರೆ, ಆಮೇಲೆ ದೋಸ್ತಿಗಳಾಗುತ್ತಾರೆ. ಕೊನೆಗೆ ಒಂದು ದೋಣಿ ಕದ್ದು ಎಲ್ಬೆ ನದಿಗುಂಟ ಸಮುದ್ರದ ಕಡೆ ಹೊರಡುತ್ತಾರೆ. ದೋಣಿಯ ಜಾಗದಲ್ಲಿ ಲಾಡಾ ಇಡಿ, ‘ಚಿಕ್’ ಕಣ್ಣ ಮುಂದೆ ಬರುತ್ತದೆ.

ಆ ಏಟು ತಿನ್ನುವ ಹುಡುಗನ ಪಾತ್ರ ಮಾಡಿದ್ದೇ ಊವೆ. ಆಮೇಲೆ ಹಾರ್ಕ್ ಬೋಮ್ ಅವರನ್ನು ದತ್ತು ತೆಗೆದುಕೊಂಡರು. ಏಷ್ಯಾ ಮೂಲದ ಹುಡುಗ ಜಿಂಗಿಸ್ ಕೂಡ ಅದೇ ಮನೆಯ ದತ್ತು ಮಗ. 40 ವರ್ಷ ಕಳೆದ ಮೇಲೆ ಅಕಿನ್ ಅದೇ ಊವೆಯನ್ನು ಕರೆತಂದು, ಮಗನ ಮೇಲೆ ಕೈ ಎತ್ತುವ ಅಪ್ಪನ ಜಾಗದಲ್ಲಿ ನಿಲ್ಲಿಸಿದರು. ಇದು ಗೊತ್ತಾದ ಮೇಲೆ ಆ ಏಟಿನ ದೃಶ್ಯವನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ. ಏಟು ತಿಂದ ಹುಡುಗನ ಮುಖ ಹೊಡೆಯುವವನ ಮುಖದೊಳಗೇ ಕಾಣುತ್ತದೆ. ಊವೆ ಬೋಮ್ 2022ರಲ್ಲಿ ತೀರಿಕೊಂಡರು.

ವಲಸಿಗರ ಮಗ ಮಾಡಿದ ಸಿನಿಮಾ ಅಂತೀರಿ. ಆದರೆ ವಲಸೆ ಬಗ್ಗೆ ಇದು ಏನೂ ಹೇಳೋದೇ ಇಲ್ವಲ್ಲ?

ಈ ಪ್ರಶ್ನೆಯ ಮೇಲೆ ನಾನು ತುಂಬಾ ದಿನ ಯೋಚಿಸಿದ್ದೇನೆ.

ಜರ್ಮನಿಯಲ್ಲಿ ಹೊರಗಿನಿಂದ ಬಂದವರು ಸಿನಿಮಾ ಮಾಡಲು ಶುರು ಮಾಡಿದಾಗ ಅವರ ಮುಂದೆ ಇದ್ದದ್ದು ಒಂದೇ ವಿಷಯ, ಒಂಟಿತನ. ಇರಾನ್‌ನಿಂದ ಬಂದ ಸೊಹ್ರಾಬ್ ಶಾಹಿದ್ ಸಲೆಸ್ 1975ರಲ್ಲಿ ಬರ್ಲಿನ್‌ನ ಒಬ್ಬ ಟರ್ಕಿ ಕಾರ್ಮಿಕನ ದಿನಚರಿ ತೋರಿಸಿದರು. ಟರ್ಕಿಯಿಂದ ಬಂದ ತೆವ್‌ಫಿಕ್ ಬಾಶೆರ್ 1986ರಲ್ಲಿ ಹ್ಯಾಂಬರ್ಗ್‌ನ ಫ್ಲ್ಯಾಟಿನಲ್ಲಿ ಗಂಡ ಕೂಡಿಹಾಕಿದ ಹೆಂಗಸಿನ ಕಥೆ ಮಾಡಿದರು. ಅದರ ಹೆಸರೇ ‘40 ಚದರ ಮೀಟರ್ ಜರ್ಮನಿ’. ಒಳ್ಳೆಯ ಸಿನಿಮಾಗಳು, ಬೇಕಾಗಿದ್ದವು. ಆದರೆ ಅವುಗಳಲ್ಲಿ ಹೊರಗಿನಿಂದ ಬಂದವನು ಯಾವಾಗಲೂ ನೋವು ತಿನ್ನುವವನು. ನೋಡುವವರು ಮರುಗುವವರು.

ಅಕಿನ್ ತಮ್ಮ ಮೊದಲ ದೊಡ್ಡ ಸಿನಿಮಾ ಮಾಡಿದ್ದು 1998ರಲ್ಲಿ. 2004ರಲ್ಲಿ ‘ಗೇಗೆನ್ ದೀ ವಾಂಡ್’ ಸಿನಿಮಾಕ್ಕೆ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಗೆದ್ದರು. ಆ ಸಿನಿಮಾದ ಟರ್ಕಿ ಮೂಲದ ಹೆಣ್ಣು ಗಂಡು ಕುಡಿಯುತ್ತಾರೆ, ಕಿರುಚುತ್ತಾರೆ, ತಪ್ಪು ಮಾಡುತ್ತಾರೆ. ಮರುಕ ಅವರಿಗೆ ಬೇಕಿಲ್ಲ.

‘ಚಿಕ್’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಇಲ್ಲಿ ಮರುಕ ಬೇಕಾದವನು ಜರ್ಮನ್ ಹುಡುಗ. ತಾತ್ಯಾನಾಗೆ ಕೊಡಲು ದಿನಗಟ್ಟಲೆ ಕೂತು ಚಿತ್ರ ಬಿಡಿಸಿದ್ದಾನೆ. ಕೊಡಲು ಧೈರ್ಯ ಇಲ್ಲ. ಕರೆದಿಲ್ಲದ ಪಾರ್ಟಿಗೆ ಅವನನ್ನು ಕರೆದುಕೊಂಡು ಹೋಗಿ, ಎಲ್ಲರ ಕಣ್ಣೆದುರು ಕೊಡಿಸಿ, ಲಾಡಾವನ್ನು ಗಿರ್ರನೆ ತಿರುಗಿಸಿ ಹೊರಡುವವನು ಚಿಕ್. ನಿಮ್ಮ ಊರಿಗೆ ನಿನ್ನೆ ಬಂದವನು ನಿಮ್ಮ ಊರಿನ ಹುಡುಗನಿಗೆ ತಲೆ ಎತ್ತಿ ನಡೆಯುವುದನ್ನು ಕಲಿಸುತ್ತಾನೆ. ಇದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ವಲಸೆ ಅನ್ನುವ ಪದ ಬಾರದೆಯೇ ವಲಸೆ ಬಂದವರ ಬಗ್ಗೆ ನಾನು ನೋಡಿದ ಅತಿ ಪ್ರೀತಿಯ ಮಾತು ಇದು. ಅಂಥ ಹುಡುಗನನ್ನು ಹತ್ತಿರದಿಂದ ಬಲ್ಲವರೇ ಇದನ್ನು ಮಾಡಲು ಸಾಧ್ಯ.

ಕೊನೆಯಲ್ಲಿ ಅಮ್ಮ ಸಾಮಾನೆಲ್ಲ ಈಜುಕೊಳಕ್ಕೆ ಎಸೀತಾಳೆ. ಅವಳಿಗೆ ಹುಚ್ಚು ಹಿಡೀತಾ?

ನನಗೆ ಹಾಗನಿಸಲಿಲ್ಲ. ಗಂಡ ಬಿಟ್ಟು ಹೋಗಿದ್ದಾನೆ. ಆ ಸೋಫಾ, ಆ ಕುರ್ಚಿಗಳು ಯಾವ ಸಂಸಾರಕ್ಕೆ ಸೇರಿದ್ದವೋ ಆ ಸಂಸಾರ ಮುಗಿದಿದೆ. ಮಗ ನೋಡುತ್ತಾ ನಿಲ್ಲುವುದಿಲ್ಲ, ಜೊತೆಗೂಡುತ್ತಾನೆ. ಇಬ್ಬರೂ ನೀರಿನೊಳಗೆ ಮುಳುಗುತ್ತಾರೆ. ಅಲ್ಲಿ ಮೇಷ್ಟ್ರಿಲ್ಲ, ಅಪ್ಪ ಇಲ್ಲ, ಪೊಲೀಸರಿಲ್ಲ. ಎಷ್ಟು ಹೊತ್ತು ಉಸಿರು ಹಿಡಿಯಲು ಆಗುತ್ತದೋ ಅಷ್ಟು ಹೊತ್ತು ಅವರಿಬ್ಬರೇ. ಪ್ರಬಂಧದಲ್ಲಿ ಮೈಕ್ ಬರೆದಿದ್ದ ಅಮ್ಮ ಇವಳೇ ಅಂತ ಆಗ ನಮಗೂ ಗೊತ್ತಾಗುತ್ತದೆ.

ನಾವು ಸ್ಟುಟ್‌ಗಾರ್ಟ್‌ನಲ್ಲಿ ಮಗಳನ್ನ ಬೆಳೆಸ್ತಾ ಇದ್ದೀವಿ. ನಾವು ಟರ್ಕಿಯವರ ಹಾಗೆ ಕೂಲಿಗೆ ಬಂದವರಲ್ಲ. ಈ ಸಿನಿಮಾ ನಮಗೆ ಸಂಬಂಧಿಸಿದ್ದಾ?

ನೀವು ಬಂದ ದಾರಿ ಬೇರೆ, ಒಪ್ಪುತ್ತೇನೆ. ಕೈಯಲ್ಲಿ ಡಿಗ್ರಿ ಇತ್ತು, ಕಂಪನಿ ವೀಸಾ ಮಾಡಿಸಿತು. ಆದರೆ ಕ್ಲಾಸಿನಲ್ಲಿ ನಿಮ್ಮ ಮಗಳ ಹೆಸರನ್ನು ಟೀಚರ್ ಹೇಗೆ ಕರೆಯುತ್ತಾರೆ ಅಂತ ಒಮ್ಮೆ ಅವಳನ್ನೇ ಕೇಳಿ. ‘ನೀನು ನಿಜವಾಗಿ ಎಲ್ಲಿಯವಳು?’ ಅಂತ ಯಾರಾದರೂ ಕೇಳಿದಾಗ ಅವಳು ಏನು ಹೇಳುತ್ತಾಳೆ ಅಂತಲೂ ಕೇಳಿ. ಆ ಉತ್ತರದಲ್ಲಿ ಚಿಕ್ ಇದ್ದರೂ ಇರಬಹುದು.

ಕಾನೂನೂ ಬದಲಾಗಿದೆ. ಮೊದಲು ಜರ್ಮನ್ ಪೌರತ್ವ ರಕ್ತಸಂಬಂಧದ ಮೇಲೆ ಸಿಗುತ್ತಿತ್ತು. 2000ದಿಂದ ಅಲ್ಲೇ ಹುಟ್ಟಿದ ವಲಸಿಗರ ಮಕ್ಕಳಿಗೆ ಕೆಲವು ಷರತ್ತುಗಳ ಮೇಲೆ ಹುಟ್ಟಿನಿಂದಲೇ ಸಿಗುತ್ತದೆ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವಕ್ಕೂ ಒಪ್ಪಿದೆ. ಭಾರತದ ಕಾನೂನು ಒಪ್ಪುವುದಿಲ್ಲವಾದ್ದರಿಂದ ನಮ್ಮವರಿಗೆ ಆರಿಸಿಕೊಳ್ಳುವ ಸಂಕಟ ತಪ್ಪಿಲ್ಲ. ಈ ಕಾಗದಪತ್ರದ ಮಾತು ನಿಮ್ಮ ಮನೆಯ ಊಟದ ಮೇಜಿನ ಮೇಲೆ ಬಂದೇ ಬರುತ್ತದೆ, ಅಲ್ವಾ? ಅದಕ್ಕಿಂತ ಮೊದಲು ಮಗಳ ಜೊತೆ ಕೂತು ಈ ಸಿನಿಮಾ ನೋಡಿ. ಅವಳಿಗೆ ಚಿಕ್ ಇಷ್ಟವಾದನಾ, ಮೈಕ್ ಇಷ್ಟವಾದನಾ ಅಂತ ಕೇಳಿ. ಸುಮ್ನೆ ಕೇಳಿಸಿಕೊಳ್ಳಿ.

ಇದಾದ ಮೇಲೆ ಏನು ನೋಡಲಿ?

ಈ ಜಾಡಿನಲ್ಲೇ ಹೋಗಬೇಕಾದರೆ ಫರಾಜ್ ಶರಿಯತ್ ಅವರ ‘ಫುಟೂರ್ ದ್ರೈ’ ನೋಡಿ. 2020ರದ್ದು. ಇರಾನಿ ಮೂಲದ ಅಪ್ಪ ಅಮ್ಮನ ಮಗನೊಬ್ಬ ಶಿಕ್ಷೆಯ ಭಾಗವಾಗಿ ನಿರಾಶ್ರಿತರ ವಸತಿಯಲ್ಲಿ ಕೆಲಸ ಮಾಡಲು ಹೋಗುವ ಕಥೆ. ಆಮೇಲೆ ಮಿಲೆನಾ ಅಬೋಯಾನ್ ಅವರ ‘ಎಲಾಹಾ’, 2023ರದ್ದು. ಅರ್ಮೇನಿಯಾದಲ್ಲಿ ಹುಟ್ಟಿ ಜರ್ಮನಿಗೆ ಬಂದ ನಿರ್ದೇಶಕಿ. ಮದುವೆಗೆ ಮುಂಚೆ ತಾನು ಕನ್ಯೆ ಅಂತ ಸಾಬೀತು ಮಾಡಬೇಕಾದ ಕುರ್ದಿಶ್ ಹುಡುಗಿಯ ಕಥೆ. ಇವೆರಡೂ ಹದಿಹರೆಯ ದಾಟಿದವರಿಗೆ.

ಅಕಿನ್ ಅವರದೇ ಬೇಕಾದರೆ ‘ಅಮ್ರುಮ್’ ಇದೆ. 2025ರ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು. ಹಾರ್ಕ್ ಬೋಮ್ ತಮ್ಮ ಬಾಲ್ಯದ ನೆನಪಿನಿಂದ ಬರೆದದ್ದು. ತಾನೇ ನಿರ್ದೇಶಿಸಬೇಕು ಅಂದುಕೊಂಡಿದ್ದ ಕಥೆಯನ್ನು ವಯಸ್ಸಾದ ಮೇಲೆ ಶಿಷ್ಯನಂಥ ಗೆಳೆಯನ ಕೈಗೆ ಕೊಟ್ಟರು. 1945ರ ವಸಂತ, ಉತ್ತರ ಸಮುದ್ರದ ಒಂದು ದ್ವೀಪ, ಯುದ್ಧದ ಕೊನೆಯ ದಿನಗಳು. ನಾಜಿ ನಂಬಿಕೆಯ ಅಮ್ಮ ಹಿಟ್ಲರ್ ಸತ್ತ ಸುದ್ದಿ ಕೇಳಿ ಊಟ ಬಿಟ್ಟು ಮಲಗುತ್ತಾಳೆ. ಬಿಳಿ ಬ್ರೆಡ್ಡು, ಬೆಣ್ಣೆ, ಜೇನುತುಪ್ಪ ಇದ್ದರೆ ತಿಂದೇನು ಅನ್ನುತ್ತಾಳೆ. ಏನೂ ಸಿಗದ ಆ ಕಾಲದಲ್ಲಿ ಹುಡುಗ ನಾನಿಂಗ್ ಅವುಗಳನ್ನು ಹುಡುಕಿಕೊಂಡು ಮನೆಯಿಂದ ಮನೆಗೆ ಅಲೆಯುತ್ತಾನೆ. ನೀವು 1976ರ ದೋಣಿಯಿಂದ ಶುರು ಮಾಡಿ, ಲಾಡಾ ಹತ್ತಿ, ಆಮೇಲೆ ಈ ದ್ವೀಪಕ್ಕೆ ಬನ್ನಿ. ಮೂರನ್ನೂ ಒಂದೇ ವಾರದಲ್ಲಿ ನೋಡಲು ಆದರೆ ಇನ್ನೂ ಒಳ್ಳೆಯದು.